ಕಿವಿ ಮೇಸ್ತ್ರಿ

ಹಾಡಿತೋ, ಇಲ್ಲವೋ?

ಹಿಂದಿನ ಸೀಟಿನ ಗಾದಿ ಎತ್ತಿ, ಅದರಡಿಯ ದುಂಡನೆಯ ತಗಡಿನ ಮುಚ್ಚಳಕ್ಕೆ ಬಲಗೆನ್ನೆ ಒತ್ತಿಕೊಂಡು ಮೇಸ್ತ್ರಿ ಉಸಿರು ಬಿಗಿಹಿಡಿದಿದ್ದ. ಮುಚ್ಚಳದ ಕೆಳಗೆ ಟ್ಯಾಂಕು, ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿದ ಪಂಪು. ಕೀ ತಿರುಗಿಸಿದ ಕೂಡಲೇ ಅದು ಎರಡೇ ಎರಡು ಸೆಕೆಂಡು ಸಣ್ಣಗೆ ಗುಂಯ್‌ಗುಟ್ಟಿ ಸುಮ್ಮನಾಗಬೇಕು. ಆ ಎರಡು ಸೆಕೆಂಡು ಈಗಷ್ಟೇ ಕಳೆದುಹೋದವೇ, ಇನ್ನೂ ಬರಬೇಕೇ? ಏನೋ ಕೇಳಿಸಿದ ಹಾಗಿತ್ತು. ಆದರೆ ಅದು ಮುಚ್ಚಳದ ಕೆಳಗಿನದೋ, ಮೂವತ್ತು ವರ್ಷದಿಂದ ತಲೆಯೊಳಗೇ ಮನೆ ಮಾಡಿಕೊಂಡಿದ್ದದ್ದೋ, ಅವನಿಗೆ ಬಗೆಹರಿಯಲಿಲ್ಲ.

"ಹಾಡ್ತಾ, ಭಾವ?" ಮುಂದಿನ ಸೀಟಿನಿಂದ ಭಾವಮೈದ ಕೂಗಿದ.

"ಹಾಡ್ತು."

ಮಾತು ತಾನಾಗಿಯೇ ಬಂದುಬಿಟ್ಟಿತು. ಆ ಶೆಡ್ಡಿನಲ್ಲಿ ಅದು ಮೊದಲಿನಿಂದ ನಡೆದುಬಂದ ಪದ್ಧತಿ. ಒಬ್ಬ ಕೀ ತಿರುಗಿಸಿ "ಹಾಡ್ತಾ?" ಅನ್ನಬೇಕು, ಇನ್ನೊಬ್ಬ ಮುಚ್ಚಳಕ್ಕೆ ಕಿವಿಯಿಟ್ಟು "ಹಾಡ್ತು" ಅನ್ನಬೇಕು, ಇಲ್ಲವೇ "ಮೂಗ" ಅನ್ನಬೇಕು. ಮೂರನೆಯ ಉತ್ತರವಿಲ್ಲ. ಇನ್ನೊಬ್ಬ ಎಂದರೆ ಯಾವಾಗಲೂ ಮೇಸ್ತ್ರಿಯೇ. ಬರೀ ಶಬ್ದದಿಂದಲೇ ಪಂಪಿನ ವಯಸ್ಸು ಹೇಳುತ್ತಾನೆ ಎಂದು ಬೀದಿಯವರು ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು.

ಭಾವಮೈದ ಇಳಿದು ಹಿಂಬಾಗಿಲಿಗೆ ಬಂದು ಅಂಗೈ ಬಿಚ್ಚಿದ. ಅದರಲ್ಲಿ ಕಾರಿನ ಕೀ ಇತ್ತು.

"ನಾನು ಕೀ ಹಾಕೇ ಇಲ್ಲ, ಭಾವ. ಆಗಿಂದ ಕೈಯಲ್ಲೇ ಇದೆ."

ಕೆಳದನಿಯಲ್ಲೇ ಹೇಳಿದ್ದ. ಆದರೂ ಪಕ್ಕದಲ್ಲೇ ನಿಂತಿದ್ದ ಟೀಚರ್‌ಗೆ ಅದು ಕೇಳಿಸಿತು. ಬೀದಿಯ ಕೊನೆಯಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವವಳು, ಕಾರು ಅವಳದೇ. ಅವಳು ಮುಖ ಆಚೆ ತಿರುಗಿಸಿ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳನ್ನು ನೋಡತೊಡಗಿದಳು. ಬೈದಿದ್ದರೂ ಮೇಸ್ತ್ರಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

"ಹೋದ ತಿಂಗಳು ಆ ಬಿಳಿ ವ್ಯಾನ್‌ಗೂ ಹಾಡ್ತು ಅಂದಿರಿ," ಭಾವಮೈದ ಹೇಳಿದ. "ಅರ್ಧ ದಾರೀಲಿ ನಿಂತು ಎಳ್ಕೊಂಡು ಬಂದ್ರು. ಆವಾಗ್ಲೇ ಅನುಮಾನ ಬಂತು ನಂಗೆ. ಹೀಗೆ ಪರೀಕ್ಷೆ ಮಾಡಬಾರ್ದಿತ್ತು, ತಪ್ಪು ತಿಳ್ಕೋಬೇಡಿ."

"ಮಾಡಿ ಆಯ್ತಲ್ಲ."

"ಪಂಪ್ ಹೋಗಿದೆ ಭಾವ. ಬಿಸಿಯಾದ್ರೆ ನಿಲ್ಲುತ್ತೆ, ತಣ್ಣಗಾದ್ರೆ ಓಡುತ್ತೆ. ಹಳೇ ಪಂಪ್ ಬುದ್ಧೀನೇ ಅದು. ಹೊಸದು ತರಿಸ್ತೀನಿ. ನೀವು ನಾಳೆಯಿಂದ ಮುಂದೆ ಕೌಂಟರ್‌ನಲ್ಲಿ ಕೂತ್ಕೊಳ್ಳಿ. ಬಂದವರ ಹತ್ರ ಮಾತಾಡೋಕೂ ಒಬ್ರು ಬೇಕಲ್ಲ."

"ಕಿವಿ ಕೇಳಿಸ್ದೇ ಇರೋನನ್ನ ಮಾತಾಡೋಕೆ ಕೂರಿಸ್ತೀಯಾ? ಚೆನ್ನಾಗಿದೆ."

ಸ್ಪ್ಯಾನರು ನೋಡುತ್ತಿದ್ದ ಟೀಚರ್ ನಗು ತಡೆಯಲಾಗದೆ ಕೆಮ್ಮಿದಳು.

ಮೇಸ್ತ್ರಿ ಸೀಟಿನಿಂದ ಹಿಂದೆ ಸರಿದು ಎದ್ದು ನಿಂತ. ಕೆನ್ನೆಯ ಮೇಲೆ ಮುಚ್ಚಳದ ಅಂಚು ಅರ್ಧಚಂದ್ರದಂತೆ ಒತ್ತಿಕೊಂಡಿತ್ತು. "ಪಂಪ್ ಸರಿಯಿದೆ," ಅಂದ.

"ಯಾವ ಆಧಾರದ ಮೇಲೆ ಹೇಳ್ತೀರಿ?"

"ಸರಿಯಿದೆ ಅಂದ್ನಲ್ಲ. ಸಾಯಂಕಾಲದವರೆಗೆ ಈ ಟ್ಯಾಂಕನ್ನ ಯಾರೂ ಬಿಚ್ಚಬಾರ್ದು. ಪಂಪೇ ಕೆಟ್ಟಿದ್ರೆ ನಾಳೆ ನೀನು ಕರೆಯೋದೂ ಬೇಡ, ನಾನೇ ಹೋಗಿ ಕೌಂಟರ್‌ನಲ್ಲಿ ಕೂರ್ತೀನಿ. ಕೆಟ್ಟಿಲ್ಲ ಅಂದ್ರೆ, ಆ ಮಾತು ಇಲ್ಲಿ ಇನ್ನೊಂದ್ಸಲ ಬರಬಾರ್ದು."

ಭಾವಮೈದ ಕೀಯನ್ನು ಟೀಚರ್ ಕೈಗೆ ಕೊಟ್ಟ, ಅಷ್ಟೆ. ಅವನು ಕೆಟ್ಟವನಲ್ಲ. ಕೆಲಸವನ್ನು ಈ ಭಾವನ ಕೈಕೆಳಗೇ ಕಲಿತವನು. ಹೋದ ವಾರ ಪೀಪ್ ಪೀಪ್ ಎನ್ನುತ್ತ ರಿವರ್ಸ್ ಬರುತ್ತಿದ್ದ ಲಾರಿಗೆ ಭಾವ ಬೆನ್ನು ಕೊಟ್ಟು ನಿಂತೇ ಇದ್ದಾಗ ತೋಳು ಹಿಡಿದು ಎಳೆದುಕೊಂಡವನೂ ಅವನೇ. ಆ ಮೇಲೆ ಇಬ್ಬರೂ ಆ ಬಗ್ಗೆ ಮಾತಾಡಿರಲಿಲ್ಲ. ಮನೆಯಲ್ಲಿಯೂ ಹಾಗೆಯೇ. ಹೆಂಡತಿ ಒಂದು ವರ್ಷದಿಂದ ಒಲೆಯ ಕಡೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟಿದ್ದಳು. ಏನು ಹೇಳಬೇಕಾದರೂ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತು ಹೇಳುತ್ತಿದ್ದಳು. ಯಾಕೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೇಸ್ತ್ರಿ ಬಾನೆಟ್ ಎತ್ತಿದ. ಎಂಜಿನ್ನಿಗೆ ಪೆಟ್ರೋಲು ಹೋಗುವ ಪೈಪಿಗೆ ಒತ್ತಡದ ಮೀಟರು ಸಿಕ್ಕಿಸಿ, ಅದರ ಉದ್ದನೆಯ ಕೊಳವೆಯನ್ನು ಬಾನೆಟ್ಟಿನ ಸಂದಿಯಿಂದ ಹೊರತಂದು, ಮೀಟರನ್ನು ಮುಂದಿನ ಗಾಜಿಗೆ ಹೊರಗಡೆಯಿಂದ ಟೇಪು ಹಾಕಿ ಅಂಟಿಸಿದ. ಸ್ಟಾರ್ಟ್ ಮಾಡಿದಾಗ ಮುಳ್ಳು ಮೂರರ ಮೇಲೆ ನಿಂತಿತು.

"ತಣ್ಣಗಿದ್ದಾಗ ಇದು ಪತಿವ್ರತೆ," ಎಂದ ಮೇಸ್ತ್ರಿ. "ಕೆಟ್ಟಾಗ್ಲೇ ಹಿಡೀಬೇಕು. ಟೀಚರ್, ನೀವು ಓಡಿಸಿ. ನಿಲ್ಲೋವರೆಗೂ ಓಡಿಸಿ. ನೀನೂ ಹತ್ತು."

ಗಾದಿ ಇಲ್ಲದ ಹಿಂದಿನ ತಗಡಿನ ಮೇಲೆ ಭಾವಮೈದ ಮುಚ್ಚಳದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಉಪಕರಣಗಳ ಡಬ್ಬಿ ಅವನ ತೊಡೆಯ ಮೇಲೆ. ಮೇಸ್ತ್ರಿ ಮುಂದೆ, ಟೀಚರ್ ದಿನಾ ಕೂರುವ ಜಾಗದಲ್ಲಿ ಕೂತ. ಅಲ್ಲಿ ಕಾಲ ಬಳಿ ಇನ್ನೊಂದು ಜೊತೆ ಪೆಡಲುಗಳಿದ್ದವು.

"ಅದಕ್ಕೆ ಕಾಲು ತಾಗಿಸ್ಬೇಡಿ," ಎಂದಳು ಟೀಚರ್. "ಅಲ್ಲಿ ಕೂತವರಿಗೆ ತಾನೇ ದೇವರು ಅನ್ನೋ ಭ್ರಮೆ ಬಂದ್ಬಿಡುತ್ತೆ."

ಮಧ್ಯಾಹ್ನದ ಬಿಸಿಲು. ಬಸ್ ಡಿಪೋ, ಶಾಲೆಯ ಕಾಂಪೌಂಡು, ಮರದ ಮಿಲ್ಲು, ಮತ್ತೆ ಡಿಪೋ. ಕಾರು ಒಂದೇ ಹಾದಿಯಲ್ಲಿ ಗಾಣದೆತ್ತಿನ ಹಾಗೆ ಸುತ್ತಿತು. ಮೇಸ್ತ್ರಿ ಮುಳ್ಳಿನಿಂದ ಕಣ್ಣು ಕೀಳಲಿಲ್ಲ.

"ಒಂದು ತಿಂಗಳಿಂದ ಕಲಿಯೋರನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ, ಗಾಡಿ ಆಫ್ ಮಾಡ್ತೀರಾ ಅಂತ," ಟೀಚರ್ ಹೇಳಿದಳು. "ಬ್ಯಾಂಕ್ ಮ್ಯಾನೇಜರ್ ಒಬ್ರು ಅತ್ತೇಬಿಟ್ರು. ಗಾಡೀನೇ ಆಫ್ ಆಗ್ತಿತ್ತು ಅಂತ ನಂಗೇನು ಗೊತ್ತು? ಈಗ ಯಾವ ಮುಖ ಇಟ್ಕೊಂಡು ಸಾರಿ ಕೇಳ್ಲಿ?"

ಅವಳ ಮಾತು ಅರ್ಧ ಮಾತ್ರ ಅವನಿಗೆ ದಕ್ಕಿತು. ಅವಳಿಗದು ತಿಳಿದಿರಬೇಕು, ಮುಖವನ್ನು ಪೂರ್ತಿ ಇವನ ಕಡೆಗೆ ತಿರುಗಿಸಿ ಮೊದಲಿನಿಂದ ಶುರುಮಾಡಿದಳು.

"ರಸ್ತೆ ನೋಡಿ, ರಸ್ತೆ."

"ನಂಗೇ ಪಾಠ."

"ಎರಡು ವರ್ಷ ಆಯ್ತು," ಮೇಸ್ತ್ರಿ ಮುಳ್ಳು ನೋಡುತ್ತಲೇ ಹೇಳಿದ. ಹಿಂದೆ ಕೂತವನಿಗೂ ಕೇಳಿಸಲೆಂದೇ ದನಿ ಎತ್ತಿದ್ದ. "ಸಣ್ಣ ಶಬ್ದ ಮೊದ್ಲು ಹೋಗುತ್ತಂತೆ, ಡಾಕ್ಟರ್ ಅಂದ್ರು. ದಪ್ಪ ಶಬ್ದ ಉಳಿಯುತ್ತಂತೆ. ಇವನು ಕೂಗೋದೆಲ್ಲ ಚೆನ್ನಾಗಿ ಕೇಳಿಸುತ್ತೆ. ಪಂಪ್ ಕೇಳಿಸಲ್ಲ. ಬಿಳಿ ವ್ಯಾನ್‌ದೂ ಕೇಳಿಸ್ಲಿಲ್ಲ. ನಾನು ಅಂದಿದ್ದು ಸುಳ್ಳು. ಕೈ ಮಾತ್ರ ಹೋಗಿಲ್ಲ."

ಹಿಂದಿನಿಂದ ಉತ್ತರ ಬಂದಿದ್ದರೂ ಅವನಿಗೆ ಕೇಳಿಸದಷ್ಟು ಮೆಲ್ಲಗೆ ಬಂದಿರಬೇಕು. ಅವನು ತಿರುಗಿ ನೋಡಲಿಲ್ಲ.

ಹತ್ತನೆಯ ಸುತ್ತಿನಲ್ಲಿ, ಶಾಲೆಯ ಕಾಂಪೌಂಡಿನ ತಿರುವಿನ ಹತ್ತಿರ, ಮುಳ್ಳು ಒಮ್ಮೆ ನಡುಗಿತು. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಮೆಟ್ಟಿಲಿಳಿದ ಹಾಗೆ ಇಳಿಯಿತು. ಕಾರು ಎರಡು ಸಲ ಮುಗ್ಗರಿಸಿತು. ಟೀಚರ್ ಅದನ್ನು ಹಾಗೆಯೇ ಉರುಳಿಸಿಕೊಂಡು ಹೋಗಿ ಗೋಡೆಯ ನೆರಳಿಗೆ ತಂದು ನಿಲ್ಲಿಸಿದಳು.

"ಈಗ ಬೇಗ," ಮೇಸ್ತ್ರಿ ಇಳಿದ. "ಇಪ್ಪತ್ತು ನಿಮಿಷ ಇದೆ. ತಣ್ಣಗಾದ್ರೆ ಕಳ್ಳ ತಪ್ಪಿಸ್ಕೊಳ್ತಾನೆ."

ಮುಚ್ಚಳ ಬಿಚ್ಚಿ ಪಂಪಿಗೆ ಬರುವ ವೈರಿನ ಪ್ಲಗ್ಗು ಕಿತ್ತು, ಅದಕ್ಕೆ ಎರಡು ತಂತಿಯ ಸಣ್ಣ ಬಲ್ಬು ಚುಚ್ಚಿದ. ಟೀಚರ್ ಕೀ ತಿರುಗಿಸಿದಳು. ಬಲ್ಬು ಹೊತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಆಗಲೂ ಇಲ್ಲ. ಫ್ಯೂಸು ಕಿತ್ತು ಬೆಳಕಿಗೆ ಹಿಡಿದು ನೋಡಿದ, ತಂತಿ ಇಡಿಯಾಗಿತ್ತು.

"ಕರೆಂಟೇ ಬರ್ತಿಲ್ಲ."

"ಸರಿ," ಭಾವಮೈದ ಅಂದ. "ಹಾಗಂತ ಪಂಪ್ ಸರಿಯಿದೆ ಅಂತ ಆಗ್ಲಿಲ್ಲ. ಎರಡೂ ಕೆಟ್ಟಿರಬಹುದು. ಹಳೇ ಗಾಡಿ."

ಮಾತು ನ್ಯಾಯವಾಗಿಯೇ ಇತ್ತು. ಹೀಗೆ ಯೋಚಿಸುವುದನ್ನು ಕಲಿಸಿದವನೂ ತಾನೇ ಎಂಬುದು ಮೇಸ್ತ್ರಿಗೆ ನೆನಪಾಯಿತು. ಡಬ್ಬಿಯಿಂದ ಉದ್ದನೆಯ ಜೋಡಿ ವೈರು ತೆಗೆದು ಒಂದು ತುದಿಯನ್ನು ಪಂಪಿಗೆ ಸಿಕ್ಕಿಸಿದ. ಇನ್ನೊಂದು ತುದಿ ಹಿಡಿದುಕೊಂಡು ಮುಂದೆ ಹೋಗಿ ಬಾನೆಟ್ ಎತ್ತಿ ಬ್ಯಾಟರಿಯ ಹತ್ತಿರ ನಿಂತ. ಕಿಡಿ ಹಾರುವುದಿದ್ದರೆ ಇಲ್ಲಿ ಹಾರಲಿ, ಪೆಟ್ರೋಲಿನ ಹತ್ತಿರ ಬೇಡ. ಭಾವಮೈದ ಹಿಂದೆ ಮುಚ್ಚಳದ ಕಿಂಡಿಗೆ ಕಿವಿ ಕೊಟ್ಟು ಬಗ್ಗಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಜಾಗದಲ್ಲಿ ಬೇರೆಯವನ ಕಿವಿ ಇತ್ತು.

ಮೇಸ್ತ್ರಿ ಒಂದು ವೈರು ಬ್ಯಾಟರಿಗೆ ಕಚ್ಚಿಸಿದ. ಇನ್ನೊಂದನ್ನು ಕಚ್ಚಿಸುವ ಮುನ್ನ ಕೈ ನಿಂತಿತು. ಕೌಂಟರಿನ ಕುರ್ಚಿ ಕಣ್ಣ ಮುಂದೆ ಬಂತು. ಪ್ಲಾಸ್ಟಿಕ್ ಹೆಣಿಗೆಯದು, ನಡುವೆ ಕುಸಿದದ್ದು. ಅದರಲ್ಲಿ ಕೂತು, ಬಂದವರ ಬಾಯಿ ನೋಡುತ್ತ, ಅರ್ಥವಾದವನಂತೆ ತಲೆಯಾಡಿಸುವ ಒಬ್ಬ ಮುದುಕ. ಎಡಗೈ ಬೆರಳುಗಳನ್ನು ಪೆಟ್ರೋಲ್ ಪೈಪಿನ ಮೇಲೆ ಇಟ್ಟ, ನಾಡಿ ಹಿಡಿದ ಹಾಗೆ. ಬಲಗೈಯಿಂದ ವೈರು ತಾಗಿಸಿದ.

ಚಿಟ್ಟೆಂದು ಕಿಡಿ ಹಾರಿತು. ಬೆರಳ ಕೆಳಗೆ ಪೈಪು ಬಿಗಿಯಿತು, ಬಿಗಿದು ಜುಮ್ಮೆನ್ನತೊಡಗಿತು. ಬಾನೆಟ್ಟಿನ ಪಕ್ಕದಿಂದ ಇಣುಕಿ ನೋಡಿದ, ಗಾಜಿನ ಮೇಲಿನ ಮುಳ್ಳು ಒಂದೇ ನೆಗೆತಕ್ಕೆ ಮೂರಕ್ಕೆ ಹೋಗಿ ನಿಂತಿತು. ಅದರ ಹಿಂದೆ ಗಾಜಿನೊಳಗೆ, ಭಾವಮೈದ ತಲೆಯೆತ್ತುವುದು ಕಂಡಿತು. ಅವನ ತುಟಿಗಳು ಆಡಿದವು. ಮೇಸ್ತ್ರಿಗೆ ಕೇಳಿಸಲಿಲ್ಲ, ಆದರೆ ಆ ಮಾತನ್ನು ತುಟಿಯ ಮೇಲೆ ಓದಲು ಅವನಿಗೆ ಕಿವಿ ಬೇಕಿರಲಿಲ್ಲ.

"ಜೋರಾಗಿ ಹೇಳು," ಎಂದ.

"ಹಾಡ್ತು, ಭಾವ."

"ಟೀಚರ್‌ಗೆ ಕೇಳಿಸ್ಲಿಲ್ಲ."

"ನಂಗೆ ಕೇಳಿಸ್ತು, ಮೇಸ್ತ್ರಿ," ಟೀಚರ್ ಅಂದಳು. "ಬಿಡಿ ಅವರನ್ನ, ಪಾಪ. ಕಳ್ಳ ಎಲ್ಲಿ ಅಂತ ನೋಡಿ."

ಕಳ್ಳ ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಬೆನ್ನಿಗೆ ಅಂಟಿಕೊಂಡಿದ್ದ. ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ರಿಲೇ. ಪಂಪಿಗೆ ಕರೆಂಟು ಬಿಡುವ ಬಾಗಿಲು ಅದೇ. ಮೇಸ್ತ್ರಿ ಅಂಗಾತ ಮಲಗಿ ಅದನ್ನು ಬೆರಳಲ್ಲಿ ಹಿಡಿದು ಕೀ ತಿರುಗಿಸಲು ಹೇಳಿದ. ಟಕ್ಕೆಂದು ಬೆರಳಿಗೆ ಒಂದು ಪೆಟ್ಟು ಬೀಳಬೇಕಿತ್ತು. ಬೀಳಲಿಲ್ಲ. ರಿಲೇ ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಅದನ್ನು ಕಿತ್ತು, ಸ್ಕ್ರೂಡ್ರೈವರಿನಿಂದ ಹೊದಿಕೆ ಎಬ್ಬಿಸಿ, ಟೀಚರ್ ಹತ್ತಿರ ಓದುವ ಕನ್ನಡಕ ಇಸಿದುಕೊಂಡು ಅದರ ಮೂಲಕ ನೋಡಿದ. ಬೆಸುಗೆಯ ಒಂದು ಚುಕ್ಕೆಯ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ.

"ಬಿಸಿಗೆ ಬಿರುಕು ಬಾಯಿ ಬಿಡುತ್ತೆ. ತಣ್ಣಗಾದ್ರೆ ಮುಚ್ಕೊಳ್ಳುತ್ತೆ," ಎಂದು ಕನ್ನಡಕವನ್ನು ಭಾವಮೈದನಿಗೆ ಕೊಟ್ಟ. "ನೀನೇ ನೋಡು. ಕಣ್ಣಾದ್ರೂ ಸರಿಯಿದೆಯಲ್ಲ."

ಅವನು ಬಹಳ ಹೊತ್ತು ನೋಡಿದ. ನೋಡಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

ಕಾರು ತಣಿದು, ತಾನಾಗಿಯೇ ಸ್ಟಾರ್ಟ್ ಆಗಿ, ಶೆಡ್ಡಿಗೆ ಹಿಂತಿರುಗಿತು. ಮೇಸ್ತ್ರಿ ಬೆಸುಗೆಯ ಕಡ್ಡಿ ಕಾಯಿಸಿ ಎಲ್ಲ ಚುಕ್ಕೆಗಳನ್ನೂ ಹೊಸದಾಗಿ ಕರಗಿಸಿ ಕೂಡಿಸಿದ. ಆಮೇಲೆ ಟೀಚರ್ ಒಬ್ಬಳೇ ಒಂದು ಗಂಟೆ ಸುತ್ತಿ ಬಂದಳು. ಗಾಜಿನ ಮೇಲೆ ಮುಳ್ಳು ಮೂರರಲ್ಲೇ ಇತ್ತು. "ಇನ್ನು ಮೇಲೆ ಗಾಡಿ ಆಫ್ ಆದ್ರೆ ಧೈರ್ಯವಾಗಿ ಬೈತೀನಿ," ಎಂದು ಹೇಳಿ ಹೊರಟಳು.

ಭಾವಮೈದ ಗಾದಿಯ ಧೂಳು ಕೈಯಿಂದ ಕೊಡವಿಕೊಳ್ಳುತ್ತ ಬಂದು ಎದುರಿಗೆ ನಿಂತ. ಸರಿಯಾಗಿ ಎದುರಿಗೆ, ಮುಖ ಕಾಣುವ ಹಾಗೆ. ಅವನ ಅಕ್ಕ ನಿಲ್ಲುವ ಹಾಗೆಯೇ.

"ಕೌಂಟರ್ ಮಾತು ಎತ್ತಲ್ಲ, ಭಾವ. ಇನ್ಮೇಲೆ ಕಿವಿ ನಾನು ಇಡ್ತೀನಿ, ಕೈ ನೀವು ಇಡಿ. ಆದ್ರೆ ಒಂದು ಮಾತು ಹೇಳಿ. ಕೇಳಿಸ್ಲಿಲ್ಲ ಅಂತ ನೀವೇ ಒಪ್ಕೊಂಡ್ರಿ. ಹಾಗಾದ್ರೆ ಪಂಪ್ ಸರಿಯಿದೆ ಅಂತ ಬೆಳಿಗ್ಗೆ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದ್ರಿ?"

ಮೇಸ್ತ್ರಿ ಹಳೇ ಬನಿಯನ್ನಿನ ತುಂಡಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಮೂವತ್ತು ವರ್ಷ ಕಣಯ್ಯಾ," ಅಂದ.

ಭಾವಮೈದ ತಲೆದೂಗಿದ. ಆ ಉತ್ತರವನ್ನು ಅವನು ಮುಂದೆ ಎಷ್ಟೋ ಜನಕ್ಕೆ ಹೇಳಿದ. ಹೇಳುವಾಗಲೆಲ್ಲ ಅದು ಇನ್ನಷ್ಟು ದೊಡ್ಡದಾಯಿತು. ಮೇಸ್ತ್ರಿ ಪಕ್ಕದಲ್ಲೇ ನಿಂತು, ಹೇಳುವವನ ತುಟಿ ನೋಡುತ್ತ, ಅದನ್ನು ಎಷ್ಟೋ ಸಲ ಕೇಳಿಸಿಕೊಂಡ. ಆ ಬೆಳಿಗ್ಗೆ ತನಗೆ ಏನೂ ಗೊತ್ತಿರಲಿಲ್ಲ, ಭಾವಮೈದ ಕೆಟ್ಟಿದೆ ಅಂದದ್ದಕ್ಕೇ ತಾನು ಸರಿಯಿದೆ ಅಂದದ್ದು ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.