ಹೆಲನಮ್ಮನ ಹೊಸಿಲಲ್ಲಿ ಐದು ಬಣ್ಣ

ಅನ್ನದ ಮೇಲಾಣೆ, ಇದು ನಡೆದದ್ದೇ. ಸುಳ್ಳಾದರೆ ನಾಳೆಯಿಂದ ನಾನು ಹುಯ್ದ ದೋಸೆಯೆಲ್ಲ ಕಾವಲಿಗೇ ಅಂಟಿಕೊಳ್ಳಲಿ.

ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿ ಮೈಸೂರಿನ ಗಿರಿಜಾಳ ಎದುರು ಮನೆಯವರು ಹೆಲನಮ್ಮ. ಅವರ ದೇಶ ಸೇಶೆಲ್ಸ್, ಭೂಪಟದಲ್ಲಿ ಸಾಸಿವೆ ಸಿಡಿದ ಹಾಗೆ ಕಾಣುವ ದ್ವೀಪಗಳು. ಮಂಡಿ ಆಪರೇಷನ್ ಮುಗಿಸಿ ಅವರು ಆಸ್ಪತ್ರೆಯಿಂದ ಬರುವ ದಿನ, ಗಿರಿಜಾ ಅವರ ಬಾಗಿಲ ಮುಂದೆ ನೆಲದ ತುಂಬ ಆ ದೇಶದ ಬಾವುಟವನ್ನೇ ರಂಗೋಲಿ ಹಾಕಿದಳು. ಕೆಳಗಿನ ಎಡಮೂಲೆಯಿಂದ ನೀಲಿ, ಹಳದಿ, ಕೆಂಪು, ಬಿಳಿ, ಹಸಿರು ಪಟ್ಟೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು. ಗಾಳಿ ಕೂಡ ಗೇಟಿನಲ್ಲೇ ಚಪ್ಪಲಿ ಬಿಟ್ಟು ಬಂದಿತು.

ನಾಲ್ಕು ಗಂಟೆಗೆ ಊರುಗೋಲಿನಲ್ಲಿ ಬಂದ ಹೆಲನಮ್ಮ ಹೊಸಿಲ ಮುಂದೆ ನಿಂತೇಬಿಟ್ಟರು.

"ಗಿರಿಜಾ, ಇದನ್ನ ತುಳ್ಕೊಂಡು ಹೋಗ್ಲಾ ನಾನು?" ಹನ್ನೊಂದು ವರ್ಷದ ನೆರೆಹೊರೆಯಲ್ಲಿ ಕಲಿತ ಕನ್ನಡ ಅವರದು.

ರಂಗೋಲಿಯ ಜಾಗ ನೆಲ, ಬಾವುಟದ್ದು ತಲೆಯ ಮೇಲೆ. ಗಿರಿಜಾಳಿಗೆ ಇದು ಹೊಳೆದೇ ಇರಲಿಲ್ಲ. ಓಡಿಹೋಗಿ ಪೊರಕೆ ತಂದಳು.

"ನಮ್ ಬಾವುಟಕ್ಕೆ ಪೊರಕೆನಾ!"

ತುಳಿಯುವಂತಿಲ್ಲ, ಗುಡಿಸುವಂತಿಲ್ಲ. ಹೆಲನಮ್ಮನ ಮಂಡಿ ನಡುಗುತ್ತಿತ್ತು.

"ಒಳ್ಳೇದಾಗ್ಲಿ ಅಂತ ಹಾಕ್ದೆ ಹೆಲನಮ್ಮ, ಹಿಂಗಾಯ್ತು," ಗಿರಿಜಾ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ನಮ್ಮನೇಲಿ ಮಲ್ಕೊಳ್ಳಿ ಬನ್ನಿ."

"ಹದಿನೈದು ದಿನ ಇನ್ಯಾರದ್ದೋ ಮಂಚ ಆಯ್ತು. ಇವತ್ತು ನನ್ ಮಂಚನೇ ಬೇಕು." ಅವಳ ಮುಖ ನೋಡಿ ಹೆಲನಮ್ಮ ಮೆತ್ತಗಾದರು. "ಅಳ್ಬೇಡ. ಹೊತ್ತು ಮುಳುಗೋವಾಗ ಬಾವುಟ ಇಳಿಸ್ತಾರೆ. ಅಲ್ಲೀವರೆಗೂ ಕಾಯೋಣ. ಕುರ್ಚಿ ತಾ. ಟೀನೂ."

ಟೀ ಕುಡಿಯುತ್ತ ಊರುಗೋಲಿನಿಂದ ತೋರಿಸಿದರು: "ನೀಲಿ ನಮ್ ಆಕಾಶ, ಕಡಲು. ಹಳದಿ ಸೂರ್ಯ. ಕೆಂಪು ಜನ. ಬಿಳಿ ನ್ಯಾಯ. ಹಸಿರು ನೆಲ. ಇದು ಮೂರನೇ ಬಾವುಟ ಕಣೇ. ಮೊದಲ್ನೇದು ಒಂದೇ ವರ್ಷ ಇತ್ತು, ಎರಡ್ನೇದು ಹತ್ತೊಂಬತ್ತು."

"ಸೀರೆ ಬದಲಾಯಿಸ್ದಂಗೆ ಬದಲಾಯಿಸಿದೀರಲ್ರೀ!"

"ಮದುವೆಗೆ ಹೊರಟಾಗ ನೀನು ಎಷ್ಟು ಸೀರೆ ಬದಲಾಯಿಸ್ತೀಯಾ, ಹೇಳ್ಲಾ?"

ಆರೂವರೆಗೆ ಸೂರ್ಯ ಇಳಿದ. ಹೆಲನಮ್ಮ ಎದೆಯ ಮೇಲೆ ಕೈಯಿಟ್ಟು ನಿಂತರು. ಗಿರಿಜಾ ಕುಕ್ಕರಗಾಲಿನಲ್ಲಿ ಕೂತು, ಬರಿಗೈಯಲ್ಲಿ ಒಂದೊಂದೇ ಬಣ್ಣ ಬಾಚಿ ಐದು ಡಬ್ಬಿಗೆ ತುಂಬಿದಳು. ಒಂದರ ಕಣ ಇನ್ನೊಂದಕ್ಕೆ ಸೇರಲಿಲ್ಲ. ಹೆಲನಮ್ಮ ಬಲಗಾಲಿಟ್ಟು ಒಳಗೆ ಹೋದರು.

"ನಾಳೆ ಮತ್ತೆ ಹಾಕು," ಮಂಚದಿಂದಲೇ ಕೂಗಿದರು. "ಈ ಸಲ ಗೋಡೆ ಮೇಲೆ!"

ಹಾಕಿದಳು. ಒಣ ಪುಡಿ ಗೋಡೆಗೆ ಕಚ್ಚಿಕೊಂಡು ಇಂದಿಗೂ ಹಾಗೇ ಇದೆ.

ನಂಬಿಕೆ ಬರಲಿಲ್ಲವೇ? ದೋಸೆ ಹುಯ್ದು ಪರೀಕ್ಷಿಸೋಣ, ಕಾವಲಿಗೆ ಅಂಟುತ್ತದೋ ಇಲ್ಲವೋ. ಕಾವಲಿ ನನ್ನದೇ ಆಗಲಿ. ಹಿಟ್ಟು ಮಾತ್ರ ನೀವು ತನ್ನಿ. ಹಾಗೇ ಬೆಣ್ಣೆಯನ್ನೂ ಮರೆಯಬೇಡಿ.