ಹಿರಿಯವಳ ನಿದ್ದೆ

ಏಳು ಕೆರೆಗಳಾಚೆಯ ಒಂದು ರಾಜ್ಯದಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ಒಬ್ಬಳು ಎದ್ದಿದ್ದಾಗ ಇನ್ನೊಬ್ಬಳು ಮಲಗಿರಬೇಕು. ಇಬ್ಬರೂ ಎದ್ದರೆ ಊರಿಗೆ ಗೊಂದಲ, ಇಬ್ಬರೂ ಮಲಗಿದರೆ ಊರಿಗೆ ಕತ್ತಲೆ.

ಆ ರಾಜ್ಯ ಈಗ ಕೆರೆಬಿಳಚಿ ಹತ್ತಿರ, ನಮ್ಮ ನೀರಿನ ಸಂಘದ ಕೋಣೆಯಲ್ಲಿದೆ. ಅಕ್ಕತಂಗಿಯರು ಎರಡು ಸರ್ವರ್‌ಗಳು. ಸೂಳೆಕೆರೆ ನಾಲೆಯ ನೀರು ಯಾವ ಗದ್ದೆಗೆ ಯಾವಾಗ ಎಂಬ ಸಂದೇಶವನ್ನು ರೈತರ ಫೋನಿಗೂ ನೀರಗಂಟಿ ದುರುಗಪ್ಪಣ್ಣನ ಫೋನಿಗೂ ಕಳಿಸುವುದು ಅವರ ಕೆಲಸ. ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಹೋದ ತಿಂಗಳು ಎಡವಟ್ಟಾಯಿತು. ಹಿರಿಯವಳು ದುಡಿಯುತ್ತಿದ್ದಾಗ ಪರದೆಯಲ್ಲಿ ಕಿರಿಯವಳ ಮುಂದೆ ‘ನಿಂತಿದೆ’ ಎಂದಿರುವುದನ್ನು ದುರುಗಪ್ಪಣ್ಣ ಕಂಡರು. ಸರದಿಯ ಹೊತ್ತಲ್ಲಿ ಮುಚ್ಚಿದ ತೂಬು ಕಂಡರೆ ದಾರಿಹೋಕನೂ ತೆಗೆಯಬೇಕೆಂಬುದು ನಾಲೆಯ ರೂಢಿ. ಅವರು ‘ಶುರು’ ಒತ್ತಿಬಿಟ್ಟರು. ಇಬ್ಬರೂ ಎದ್ದು ಒಂದೇ ನೀರನ್ನು ಇಬ್ಬರಿಗೆ ಹಂಚಿದರು. ನಾಲೆಯ ತುದಿಯಲ್ಲಿರುವ ಭೀಮಕ್ಕನ ಗದ್ದೆಗೆ ಹನಿ ನೀರೂ ಮುಟ್ಟಲಿಲ್ಲ. ಇನ್ನೊಮ್ಮೆ ತಪ್ಪಾದರೆ ಯಂತ್ರ ಎತ್ತಿಟ್ಟು ಹಳೆಯ ಚೀಟಿಗೇ ಹೋಗೋಣ ಎಂದಿತು ಸಂಘ.

ಇವತ್ತು ಹನ್ನೆರಡಕ್ಕೆ ಭೀಮಕ್ಕನ ಸರದಿ. ತಪ್ಪಿದರೆ ಮತ್ತೆ ಹನ್ನೆರಡು ದಿನ. ಬೆಳಿಗ್ಗೆಯೇ ಹಿರಿಯವಳ ಫ್ಯಾನು ಕರ್ರೋ ಎನ್ನತೊಡಗಿತ್ತು.

“ನಾಳೆ ಮಾಡಿದ್ರಾಗಲ್ವೇನವ್ವ?” ಎಂದರು ದುರುಗಪ್ಪಣ್ಣ.

“ನಾಳೆವರೆಗೆ ಬಿಟ್ರೆ ಕಾದು ಸುಟ್ಟೋಗ್ತಾಳೆ. ಫ್ಯಾನು ಇವತ್ತೇ ಬದಲಾಯಿಸ್ತೀನಿ, ಭೀಮಕ್ಕನ ಸಂದೇಶ ಒಂದು ನಿಮಿಷ ತಡ ಆಗಲ್ಲ. ಮಾತು ಕೊಟ್ಟೆ.”

“ಆ ಮಾತಿಗೆ ಕಾವಲು ಕೂರಾಕೇ ಬಂದೀನಿ,” ಎಂದು ಭೀಮಕ್ಕ ಕುರ್ಚಿ ಎಳೆದುಕೊಂಡರು.

ಹನ್ನೊಂದೂವರೆಗೆ ಕೆಲಸವನ್ನು ಕಿರಿಯವಳ ಹೆಗಲಿಗೆ ದಾಟಿಸಿದೆ. ಇಬ್ಬರನ್ನೂ ಕಾಯುತ್ತ ಅವರ ಸ್ಥಿತಿಯನ್ನು ಪರದೆಗೆ ತಿಳಿಸುವ ಪಹರೆಯ ತಂತ್ರಾಂಶ, ಹಿರಿಯವಳನ್ನು ಬಿಚ್ಚಿದಾಗ ಕೂಗೆಬ್ಬಿಸದಿರಲಿ ಎಂದು ಅದನ್ನೂ ನಿಲ್ಲಿಸಿದೆ. ಹಿರಿಯವಳ ಕರೆಂಟು ತೆಗೆದು ಮುಚ್ಚಳ ಬಿಚ್ಚಿದ್ದೆನಷ್ಟೇ.

“ಗಂಗೂ! ಒಂದು ನಿಂತೈತೆ, ಇನ್ನೊಂದು ‘ಗೊತ್ತಿಲ್ಲ’ ಅಂತೈತೆ! ಎರಡೂ ಹೋದ್ವು!” ದುರುಗಪ್ಪಣ್ಣನ ಬೆರಳು ಆಗಲೇ ‘ಮರುಶುರು’ವಿನ ಮೇಲೆ ತೂಗುತ್ತಿತ್ತು.

“ಮುಟ್ಟಬ್ಯಾಡ್ರಿ!” ಎಂದು ಕೂಗಿದೆ.

“ಏ ದುರುಗಣ್ಣ, ನಿನ್ನ ಬೆರಳು ಕಂಡ್ರೇ ನನ್ನ ಭತ್ತ ಒಣಗ್ತೈತೆ. ಕೈ ಹಿಂದಕ್ಕೆ ಕಟ್ಕೋ!” ಎಂದರು ಭೀಮಕ್ಕ.

ಕಿರಿಯವಳ ಸಾಲು ಬೂದುಬಣ್ಣಕ್ಕೆ ತಿರುಗಿತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟು ಪರದೆಯ ಮುಂದೆ ಬಂದೆ. ಆಮೇಲೆ ನಿಧಾನಕ್ಕೆ ಯೋಚಿಸಿದೆ. ಪಹರೆ ನಿಲ್ಲಿಸಿದವಳು ನಾನೇ. ನಿಂತವಳು ನಿಂತೇ ಇರುತ್ತಾಳೆ; ಓಡುವವಳು ಇನ್ನೂ ಓಡುತ್ತಿದ್ದಾಳೋ ಎಂದು ಕಣ್ಣು ಮುಚ್ಚಿದವನನ್ನು ಕೇಳಿದರೆ ‘ಗೊತ್ತಿಲ್ಲ’ ಎನ್ನದೆ ಇನ್ನೇನಂದಾನು?

“ಅಣ್ಣಾ, ಅದು ಕೆಟ್ಟಿಲ್ಲ. ನೋಡೋರಿಲ್ಲ, ಅಷ್ಟೇ.”

“ನಾನು ಉಣ್ಣಾಕೆ ಹೋದ್ರೂ ತೂಬಿನಾಗೆ ನೀರು ಹರೀತಿರ್ತೈತಲ್ಲ, ಹಂಗಾ?”

“ಹಂಗೇ.”

“ಆದ್ರೂ ಉಂಡು ಬಂದು ನಾನು ಬಗ್ಗಿ ನೋಡ್ತೀನವ್ವ.”

ಮಾತು ಸರಿಯಿತ್ತು. ಪರದೆಯನ್ನು ಬಿಟ್ಟು ಕಿರಿಯವಳು ತನ್ನ ಕೆಲಸವನ್ನು ತಾನೇ ಬರೆದಿಡುವ ದಿನಚರಿಯನ್ನೇ ತೆರೆದೆ. ಎರಡು ನಿಮಿಷದ ಹಿಂದಷ್ಟೇ ಅವಳು ಸಾವಂತ್ರಮ್ಮನ ತೋಟಕ್ಕೆ ಸಂದೇಶ ಕಳಿಸಿದ್ದಳು.

“ದುಡೀತಾವಳೆ!” ಎಂದೆ. ಭೀಮಕ್ಕ ಮೊಬೈಲ್ ಟಾರ್ಚ್ ಹಿಡಿದರು. ಹಳೆಯ ಫ್ಯಾನು ಕಳಚಿ ಬಂತು, ಜೊತೆಗೊಂದು ಹಿಡಿ ಧೂಳು. ಮೂವರೂ ಸೀನಿದೆವು.

ಸರಿಯಾಗಿ ಹನ್ನೆರಡಕ್ಕೆ ಎರಡು ಫೋನು ಒಟ್ಟಿಗೆ ಟಿಣ್ ಎಂದವು. ದುರುಗಪ್ಪಣ್ಣ ಟವೆಲ್ ಕೊಡವಿ ತೂಬು ತೆಗೆಯಲು ಬೈಕ್ ಹತ್ತಿದರು.

“ನೀವು ಹೋಗಲ್ವಾ ಭೀಮಕ್ಕಾ?”

“ನೀರು ತುದಿಗೆ ಬರಾಕೆ ಒಂದು ತಾಸು ಬೇಕು. ನಿಂದು ಮುಗಿಸು.”

ಹೊಸ ಫ್ಯಾನು ಕೂರಿಸಿ ಹಿರಿಯವಳಿಗೆ ಕರೆಂಟು ಕೊಟ್ಟೆ; ಅದು ಸದ್ದಿಲ್ಲದೆ ತಿರುಗಿತು. ಮುಚ್ಚಳ ಹಾಕಿ, ನಿಲ್ಲಿಸಿದ್ದ ಪಹರೆಯನ್ನು ಮತ್ತೆ ಶುರು ಮಾಡಿದೆ. ಭೀಮಕ್ಕ ಕನ್ನಡಕ ಏರಿಸಿ ಪರದೆಯನ್ನು ತಾವೇ ಓದಿದರು.

“ಒಂದು ಓಡ್ತೈತೆ, ಒಂದು ನಿಂತೈತೆ. ಹಿಂಗೇ ಇರ್ಬೇಕಲ್ಲ?”

“ಹಿಂಗೇ ಇರ್ಬೇಕು.”

ಮುಚ್ಚಳದ ಕೊನೆಯ ತಿರುಪನ್ನು ಬಿಗಿದೆ.