ಗುಡಿ ಮುಂದೆ ಬಿಟ್ಟ ಶೂ

ವಾರಗಿತ್ತಿ ನರಸಮ್ಮ ಹೋದ ವರ್ಷ ಮ್ಯಾರಥಾನಿನಲ್ಲಿ ನಲವತ್ತೆರಡು ಕಿಲೋಮೀಟರ್ ನಡೆದು ತಂದ ಮೆಡಲು ಟಿವಿ ಪಕ್ಕ ನೇತಾಡತೊಡಗಿದಂದಿನಿಂದ ಅಮ್ಮಯಮ್ಮನಿಗೆ ಆ ಮನೆಯ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವರ್ಷಾ ವರ್ಷಾ ಬರಿಗಾಲಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ನಡೆಯುವವಳು ತಾನು, ಹೆಸರು ಮಾತ್ರ ಅವಳಿಗೆ!

ಈ ಸಲದ ಮ್ಯಾರಥಾನಿಗೆ ದೇವನಹಳ್ಳಿಯಿಂದ ಇಬ್ಬರೂ ಹೊರಟರು. ಯಾರು ಎಷ್ಟು ಹೊತ್ತಿಗೆ ಬಂದರೆಂದು ಕೊನೆಯ ಗೆರೆಯ ಮಿಷನ್ನು ಕೂಗಿ ಗುರುತು ಹಿಡಿಯಲು ಶೂ ಲೇಸಿಗೆ ಒಂದೊಂದು ಚಿಪ್ ಕಟ್ಟಿದ್ದರು. ಅಮ್ಮಯಮ್ಮ ಹಿಂದೆ ತಿರುಗಿ ನೋಡುತ್ತಲೇ ಬಿರಬಿರನೆ ನಡೆದಳು. ನಲ್ಲೂರಿನ ಹತ್ತಿರ ಗುಡಿಯೊಂದು ಕಂಡಿತು. ಶೂ ಹೊರಗೆ ಬಿಟ್ಟು, ಒಳಗೆ ಹೋಗಿ ಕೈಮುಗಿದು ಬರುವಷ್ಟರಲ್ಲಿ ಹಿಂದೆ ಹುಣಸೆಮರಗಳ ತಿರುವಿನಲ್ಲಿ ನರಸಮ್ಮನ ಕೆಂಪು ಸೀರೆ! ಲೇಸು ಕಟ್ಟುತ್ತ ಕೂತರೆ ಕೆಟ್ಟೆ ಎಂದುಕೊಂಡು ಬರಿಗಾಲಲ್ಲೇ ಓಟ ಕಿತ್ತಳು.

ಕೊನೆಯ ಗೆರೆ ದಾಟಿದಾಗ ನರಸಮ್ಮನ ಸುಳಿವೇ ಇರಲಿಲ್ಲ. ಆದರೆ ಮಿಷನ್ನು ಕೂಗಲಿಲ್ಲ.

"ಚಿಪ್ ಎಲ್ಲಮ್ಮಾ?" ಎಂದಳು ಮೆಡಲು ಹಂಚುತ್ತಿದ್ದ ಹುಡುಗಿ.

"ಶೂನಲ್ಲೇ ಉಳಿದೋಯ್ತು."

"ಹಂಗಾದ್ರೆ ನೀವಿನ್ನೂ ಬಂದಂಗಿಲ್ಲಮ್ಮಾ."

ಅರ್ಧ ಗಂಟೆ ಕಳೆದ ಮೇಲೆ ನರಸಮ್ಮ ಕುಂಟುತ್ತ ಗೆರೆ ದಾಟಿದಳು. ಮಿಷನ್ನು ಎರಡು ಸಲ ಕೂಗಿತು. ಅವಳ ಕೈಯಲ್ಲಿ ಅಮ್ಮಯಮ್ಮನ ಶೂ!

"ಅಕ್ಕಾ, ಗುಡಿ ಹತ್ರಾನೇ ಮರ್ತು ಬಂದ್ಬಿಟ್ಟಿದ್ದೀಯಲ್ಲ, ಎತ್ಕೊಂಡ್ ಬಂದೆ ಕಣಕ್ಕ. ನೋಡು, ಈಗ ಇಬ್ರೂ ಒಟ್ಟಿಗೇ ಬಂದಂಗಾಯ್ತು!"

ಅಮ್ಮಯಮ್ಮ ಮೆಡಲಿಗೆ ಕೊರಳೊಡ್ಡಿದಳು. ಯಾವನಾದರೂ ಕಳ್ಳ ಆ ಶೂ ಹೊತ್ತೊಯ್ದಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.